ನಾಲ್ಕು ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ.
ಹರಾಜಿನ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ.
ಪ್ಯಾರೇಜಾನ್ ಸಾಬರು ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳದ ಸಮಾಚಾರ ಕೇಳಿಕೊಂಡು
ಅದೇ ಕಿವಿಯನ್ನು ನನ್ನ ಕಡೆ ತಿರುಗಿಸಿದರು:
‘ಓದಪ್ಪ, ಅಮೆರಿಕದ್ದು ಏನಾಯ್ತು?’

ಓದುವವನು ನಾನು, ಪತ್ರಿಕೆಯ ಅರೆಕಾಲಿಕ ವರದಿಗಾರ.
ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು,
ಜಾಹೀರಾತು ತಂದರೆ ಕಮಿಷನ್ನು.
ಒಳಪುಟದಲ್ಲಿ ಅವರ ಚರ್ಚೆ ಬಂದಿತ್ತು:
ಒಬ್ಬ ಮುದುಕ, ಮೂವತ್ತು ವರ್ಷ ಸಭೆಯಲ್ಲಿ ಕೂತವನು.
ಒಬ್ಬಳು ಹೆಂಗಸು, ಎರಡೇ ವರ್ಷ ರಾಜ್ಯ ಆಳಿದವಳು.
ಅವನನ್ನು ಯುದ್ಧದ ಬಗ್ಗೆ ಕೇಳಿದ್ದಾರೆ.
ಅವಳನ್ನೂ ಯುದ್ಧದ ಬಗ್ಗೆ ಕೇಳಿದ್ದಾರೆ,
ಕೈಕೂಸನ್ನು ಯಾರ ಹತ್ತಿರ ಬಿಟ್ಟು ಬಂದಿರಿ
ಅಂತ ಕೇಳಿ ಮುಗಿಸಿದ ಮೇಲೆ.

‘ಎರಡು ವರ್ಷ ಏನು ಮಹಾ?’ ಎಂದ ಗಂಗುಲಪ್ಪ,
ದಿಬ್ಬೂರಹಳ್ಳಿಯಿಂದ ಅರವತ್ತು ಕೇಜಿ ತಂದವನು.
‘ಹುಳ ಅಂದ್ರೆ ನಾಲ್ಕು ಜ್ವರ ಏಳಬೇಕು.
ಎರಡನೇ ಜ್ವರಕ್ಕೇ ಚಂದ್ರಿಕೆಗೆ ಬಿಟ್ರೆ
ನೂಲು ಬಿಡ್ತದಾ? ಕೆಳಗೆ ಬಿದ್ದು ಸಾಯ್ತದೆ.’

‘ನಾಲ್ಕು ಜ್ವರ ಎದ್ದೂ ಹಣ್ಣಾಗದೆ
ಸೊಪ್ಪು ಮೇಯ್ತಾನೇ ಇರೋವೂ ಇರ್ತಾವೆ’ ಎಂದರು ಸಾಬರು.
‘ಮೂವತ್ತು ವರ್ಷದ್ದು ಆ ಜಾತೀದೇ ಇರಬಹುದು.
ಬ್ಲೇಡು ಹಾಕಿ ಕುಯ್ದು ನೋಡದೆ ಹೆಂಗೆ ಹೇಳ್ತೀಯ?’

‘ಕುಯ್ಯೋಕೆ ಟೀವಿಯವ್ರು ಇದ್ದಾರಲ್ಲ.’
‘ಅವ್ರೆಲ್ಲಿ ಕುಯ್ತಾರೆ?
ಬೇಕಾದೋರ ಲಾಟಿಗೆ ಮೇಲ್ಗಡೆ ಬೆಳ್ಳಗಿರೋದು ಹರಡ್ತಾರೆ,
ಬೇಡದೋರ ಲಾಟಿಗೆ ಮೇಲ್ಗಡೆ
ನಾಲ್ಕು ಕರೆಗೂಡು ಇಡ್ತಾರೆ. ಮುಗೀತು.’
ನಗು. ತೂಕದ ಹುಡುಗನೂ ನಕ್ಕ.
ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಗು ಮುಗಿಯುವಾಗ ಕಂಡಳು,
ಹನ್ನೊಂದನೇ ಜಾಲರಿಯ ಹಿಂದೆ,
ಸೆರಗಿನ ತುದಿಯಿಂದ ಗೂಡಿನ ಜುಂಗು ಬಿಡಿಸುತ್ತಾ
ಸುಬ್ಬರತ್ನಮ್ಮ.

ಮಹಿಳಾ ಮೀಸಲು ಬಂದ ಸಲ ಪಂಚಾಯ್ತಿ ಅಧ್ಯಕ್ಷೆ.
ಮಾರನೇ ದಿನವೇ ಅವಳ ಮನೆಗೆ ಹೋಗಿದ್ದೆ.
ಶೀರ್ಷಿಕೆ ನನ್ನದೇ:
‘ಮುದ್ದೆ ತೊಳಸುವ ಕೈಗೆ ಅಧಿಕಾರ’.
ಅವಳು ಒಂದು ಬಿಲ್ಲು ಹಿಡಿದು ಬಾಗಿಲಿಗೆ ಬಂದಿದ್ದಳು.
ದುಡ್ಡು ಮೂರು ಬೋರಿಗೆ,
ಊರಲ್ಲಿರುವುದು ಎರಡೇ ಬೋರು,
ಮೂರನೆಯದು ಎಲ್ಲಿದೆ ಬರೀರಿ ಎಂದಳು.
ಅದು ಆಮೇಲೆ ಅಮ್ಮ, ಮೊದಲು ಕೋಲು ಹಿಡ್ಕೊಳ್ಳಿ,
ಒಲೆಯ ಕಡೆ ತಿರುಗಿ, ಸ್ವಲ್ಪ ನಗಿ
ಎಂದೆ ನಾನು.
ಒಲೆಯಲ್ಲಿ ಬೆಂಕಿ ಇರಲಿಲ್ಲ.
ಫೋಟೋದಲ್ಲಿ ಅದೇನು ಗೊತ್ತಾಗುವುದಿಲ್ಲ.

ವರದಿಯಲ್ಲಿ ಗಂಡನ ಹೆಸರು ಎರಡು ಸಲ.
ಅವಳದ್ದು ಒಂದು ಸಲ, ಅದೂ ಸುಬ್ಬಲಕ್ಷ್ಮಮ್ಮ ಅಂತ.
ಬೋರಿನ ವಿಷಯ ಎಲ್ಲಿ ಎಂದು ಕೇಳಿಕಳಿಸಿದ್ದಳು.
ಜಾಗ ಸಾಲಲಿಲ್ಲವಂತೆ, ಡೆಸ್ಕಿನವರು ತೆಗೆದರಂತೆ
ಎಂದು ಹೇಳಿಕಳಿಸಿದೆ.
ಡೆಸ್ಕಿನವರು ಏನು ತೆಗೆದಾರು?
ನಾನು ಬರೆದೇ ಇರಲಿಲ್ಲ.

ಈಗ ಗಂಗುಲಪ್ಪ ಇನ್ನೂ ಜ್ವರ ಎಣಿಸುತ್ತಿದ್ದಾನೆ.
ಸಾಬರು ಬ್ಲೇಡು ಹುಡುಕುತ್ತಿದ್ದಾರೆ.
ಜಾಲರಿಯ ಹಿಂದಿನಿಂದ ಒಂದು ಮಾತು, ಮೆಲ್ಲಗೆ:
‘ಆ ಹೆಣ್ಮಗಳು ಏನಂದ್ಳಂತೆ?’
‘ಯಾವುದಕ್ಕಮ್ಮ?’
‘ಕೂಸು ಎಲ್ಲಿ ಬಿಟ್ಟೆ ಅಂದಿದ್ದಕ್ಕೆ.’

ಪತ್ರಿಕೆ ಬಿಚ್ಚಿದೆ. ಮಡಚಿದೆ. ಮತ್ತೆ ಬಿಚ್ಚಿದೆ.
ಪ್ರಶ್ನೆ ಅಚ್ಚಾಗಿದೆ, ಕೇಳಿದವನ ಹೆಸರೂ ಇದೆ,
ಅವಳ ಕೋಟಿನ ಬಣ್ಣವೂ ಇದೆ.
ಉತ್ತರ ಇಲ್ಲ.
ಅಲ್ಲಿಂದ ಕೆಳಕ್ಕೆ ಕುಕ್ಕರಿನ ಜಾಹೀರಾತು,
ಚಿಂತಾಮಣಿ ಅಂಗಡಿಯದು, ನಾನೇ ತಂದದ್ದು.

‘ಹಾಕಿಲ್ಲ ಕಣಮ್ಮ.’

‘ಜಾಗ ಸಾಲಲಿಲ್ವೇನೋ’
ಎಂದಳು. ಅಷ್ಟೇ. ಜುಂಗು ಬಿಡಿಸತೊಡಗಿದಳು.
ದನಿಯಲ್ಲಿ ಏನಿತ್ತು ಅಂತ
ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಂತಿಲ್ಲ.

ಗಂಟೆ ಹೊಡೆಯಿತು.
ಅಮೆರಿಕ ಅಲ್ಲೇ ಬಿತ್ತು.
ರೀಲರುಗಳ ಬೆರಳು ಫೋನಿನ ಮೇಲೆ ಓಡತೊಡಗಿದವು.
ನಾನು ಎಂದಿನಂತೆ
ದಿನದ ಗರಿಷ್ಠ, ಕನಿಷ್ಠ, ಸರಾಸರಿ ಬರೆದುಕೊಂಡೆ.
ಯಾರ ಲಾಟು ಎಂದು ಬರೆಯುವ ರೂಢಿಯಿಲ್ಲ.
ಗರಿಷ್ಠ ಅವಳದಲ್ಲ.
ಕನಿಷ್ಠವೂ ಅಲ್ಲ.